ರೋಮ್‌ನಿಂದ ಒಂದು ದಿನಕ್ಕೆ: ಪಾಂಪೇನಾ, ಓಸ್ಟಿಯಾ ಆಂಟಿಕಾನಾ?

ದಾರಿಹೋಕಿ:
ಮುಂದಿನ ತಿಂಗಳು ಅಮ್ಮನ ಜೊತೆ ರೋಮ್‌ಗೆ ಹೋಗುತ್ತಿದ್ದೇನೆ. ಕೊಲೊಸಿಯಂ, ಫೋರಂ ಎಲ್ಲ ನೋಡಿದ ಮೇಲೆ ಹೊರಗೆ ಹೋಗೋಕೆ ಒಂದು ದಿನ ಉಳಿಯುತ್ತದೆ. ಪಾಳುಬಿದ್ದ ರೋಮನ್ ಊರೊಂದರ ಬೀದಿಯಲ್ಲಿ ನಡೆಯಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಎಲ್ಲರೂ ಪಾಂಪೇ ಅಂತಾರೆ, ಒಬ್ಬರು ಮಾತ್ರ ಓಸ್ಟಿಯಾ ಆಂಟಿಕಾ ಅಂದರು. ಅಮ್ಮನಿಗೆ ಮಂಡಿನೋವು, ನಿಧಾನಕ್ಕೆ ನಡೆಯುತ್ತಾರೆ. ಓಸ್ಟಿಯಾಗೆ ಹೋದರೆ ಪಾಂಪೇ ತಪ್ಪಿತಲ್ಲ ಅಂತ ಬೇಜಾರಾಗುತ್ತಾ?

ಇಟ್ಟಿಗೆಗೋಡೆ:
ನನ್ನ ಕೇಳಿದರೆ ಓಸ್ಟಿಯಾ. ಅದು ಟೈಬರ್ ನದಿ ಸಮುದ್ರ ಸೇರುವ ಕಡೆ ಇದ್ದ ಬಂದರು. ರೋಮ್‌ನ ಜನ ತಿನ್ನುವ ಗೋಧಿ ಈಜಿಪ್ಟ್‌ನಿಂದ, ಉತ್ತರ ಆಫ್ರಿಕಾದಿಂದ ಹಡಗಿನಲ್ಲಿ ಬಂದು ಈ ದಾರಿಯಾಗಿಯೇ ಮೇಲಕ್ಕೆ ಹೋಗುತ್ತಿತ್ತು. ಹಾಗಾಗಿ ಇಲ್ಲಿ ಕಾಣುವುದೆಲ್ಲ ದುಡಿಮೆಯ ಗುರುತು. ಗೋದಾಮು, ಬೇಕರಿ, ಬಟ್ಟೆ ಒಗೆಯುವ ಜಾಗ, ಬೆಂಕಿ ಆರಿಸುವವರ ಠಾಣೆ.

ಬೇಕರಿ ಮಾತ್ರ ಬಿಡಬೇಡಿ. ಸೊಂಟದೆತ್ತರದ ಕಪ್ಪು ಬೀಸುಕಲ್ಲುಗಳು ಸಾಲಾಗಿ ನಿಂತಿವೆ. ಮೇಲಿನ ಕಲ್ಲು ಡಮರುಗದ ಆಕಾರ, ಅದು ಕೆಳಗಿನ ಚೂಪು ಕಲ್ಲಿನ ಮೇಲೆ ಕೂರುತ್ತದೆ. ಮೇಲಿನಿಂದ ಕಾಳು ಸುರಿಯುವುದು, ಸುತ್ತ ಪ್ರಾಣಿ ಕಟ್ಟಿ ತಿರುಗಿಸುವುದು. ಕಲ್ಲಿನ ನಡುವಿನಲ್ಲಿ ಚೌಕದ ತೂತುಗಳಿವೆ ನೋಡಿ, ಮರದ ನೊಗ ಸಿಕ್ಕಿಸುತ್ತಿದ್ದದ್ದು ಅಲ್ಲೇ. ಪ್ರಾಣಿಯ ಗೊರಸಿಗೆ ನೆಲ ಸವೆಯದಿರಲಿ ಅಂತ ಒಳಗೂ ಬೀದಿಯ ಹಾಗೆ ದಪ್ಪ ಕಲ್ಲು ಹಾಸಿದ್ದಾರೆ.

ಆಮೇಲೆ ಥಿಯೇಟರ್ ಹಿಂದಿನ ಚೌಕ. ಅದರ ಸುತ್ತ ವ್ಯಾಪಾರಿಗಳ ಕಚೇರಿಗಳಂಥ ಸುಮಾರು 60 ಸಣ್ಣ ಕೋಣೆಗಳು. ಎಷ್ಟೋ ಕೋಣೆಗಳ ಮುಂದೆ ಕಪ್ಪು ಬಿಳುಪು ಮೊಸಾಯಿಕ್ ಇದೆ. ಹಡಗು, ದೀಪಸ್ತಂಭ, ಡಾಲ್ಫಿನ್, ಧಾನ್ಯ ಅಳೆಯುವ ಕೊಳಗ. ಒಂದರಲ್ಲಿ ಆನೆ! ಅದು ಈಗಿನ ಲಿಬಿಯಾದಲ್ಲಿರುವ ಸಬ್ರಾತಾದ ವ್ಯಾಪಾರಿಗಳದ್ದು. ಓದು ಬಾರದವರಿಗೂ ಚಿತ್ರ ನೋಡಿದರೆ ಅರ್ಥ ಆಗುತ್ತದೆ, ಅಲ್ವಾ? ನನಗೆ ಇಡೀ ಊರಿನಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಇಲ್ಲ.

ನಕಾಶೆ:
ನಾನು ಪಾಂಪೇ ಪರ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಊರು ಹೂತುಹೋದ ಕಾರಣ ಗೋಡೆಯ ಬಣ್ಣದ ಚಿತ್ರಗಳು ಹಾಗೇ ಉಳಿದಿವೆ. ಅಲ್ಲಿನ ಒಂದು ಬೇಕರಿಯ ಒಲೆಯಲ್ಲಿ 81 ರೊಟ್ಟಿ ಸುಟ್ಟು ಕರಕಲಾಗಿ ಸಿಕ್ಕವು. ಬೂದಿಯಲ್ಲಿ ದೇಹ ಕರಗಿ ಉಳಿದ ಪೊಳ್ಳುಗಳಿಗೆ 1863ರಲ್ಲಿ ಅಲ್ಲಿನ ಉತ್ಖನನ ನಡೆಸುತ್ತಿದ್ದ ಫಿಯೊರೆಲ್ಲಿ ಪ್ಲಾಸ್ಟರ್ ಸುರಿಸಿದರು. ಆ ಆಕೃತಿಗಳ ಮುಂದೆ ನಿಂತಾಗ ಮಾತೇ ಹೊರಡಲ್ಲ. ಇದು ಓಸ್ಟಿಯಾದಲ್ಲಿ ಸಿಗಲ್ಲ.

ಆದರೆ ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲು, ಅಲ್ಲಿಂದ ಇನ್ನೊಂದು ಲೋಕಲ್ ರೈಲು ಹಿಡಿಯಬೇಕು. ಜಾಗ 66 ಹೆಕ್ಟೇರ್, ನೆರಳು ಕಡಿಮೆ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನ ಅಂತ ಮಿತಿ ಹಾಕಿದ್ದಾರೆ, ಟಿಕೆಟ್ ಮೊದಲೇ ತೆಗೆದುಕೊಳ್ಳಿ. ಮಂಡಿನೋವು ಇರುವವರಿಗೆ ದಣಿವು ಜಾಸ್ತಿ, ಅದು ನಿಜ.

ಇಟ್ಟಿಗೆಗೋಡೆ:
ಬಣ್ಣದ ಚಿತ್ರಗಳ ಮಾತು ಒಪ್ಪುತ್ತೇನೆ. ಪಾಂಪೇಗೆ ಸಾಟಿ ಇಲ್ಲ. ಆದರೆ ರೋಮ್‌ನ ಸಾಮಾನ್ಯ ಜನ ಹೇಗೆ ಬದುಕಿದರು ಅಂತ ನೋಡಬೇಕಿದ್ದರೆ ಓಸ್ಟಿಯಾನೇ. ಪಾಂಪೇಯಲ್ಲಿ ಉಳ್ಳವರ ಅಂಗಳದ ಮನೆಗಳು ಎದ್ದು ಕಾಣುತ್ತವೆ. ಇಲ್ಲಿ ಎರಡನೇ ಶತಮಾನದ ಇಟ್ಟಿಗೆಯ ಅಪಾರ್ಟ್‌ಮೆಂಟ್‌ಗಳಿವೆ. ಕೆಳಗೆ ಅಂಗಡಿ, ಬೀದಿಯಿಂದಲೇ ಮೇಲೆ ಹತ್ತುವ ಮೆಟ್ಟಿಲು, ಮೇಲೆ ಬಾಡಿಗೆಯವರು. ರೋಮ್ ನಗರದಲ್ಲಿ ಇಂಥವು ಹೆಚ್ಚಾಗಿ ಹೊಸ ಕಟ್ಟಡಗಳ ಅಡಿಗೆ ಸೇರಿಹೋಗಿವೆ.

ಇಂಥದ್ದೇ ಒಂದು ಅಪಾರ್ಟ್‌ಮೆಂಟ್ ಆದ ಡಯಾನಾ ಮನೆ ಇರುವ ಬೀದಿಯಲ್ಲಿ ಅಂಗಡಿಗಳ ಹೊಸ್ತಿಲು ನೋಡಿ. ಕಲ್ಲಿನ ಉದ್ದಕ್ಕೂ ಒಂದು ಸೀಳು ಕೊರೆದಿದ್ದಾರೆ, ಹಲಗೆಗಳನ್ನು ಒಂದೊಂದಾಗಿ ಅದರೊಳಗೆ ಸರಿಸಿ ಅಂಗಡಿ ಮುಚ್ಚುತ್ತಿದ್ದರು. ಅದೇ ಬೀದಿಯಲ್ಲಿ ಅಮೃತಶಿಲೆಯ ಕಟ್ಟೆ ಇರುವ ತಿಂಡಿ ಅಂಗಡಿಯೂ ಇದೆ, ಗೋಡೆ ಮೇಲೆ ತಿನಿಸುಗಳ ಚಿತ್ರ.

ಈ ಊರನ್ನು ಯಾವ ಬೆಂಕಿ ಬೆಟ್ಟವೂ ನುಂಗಲಿಲ್ಲ. ವ್ಯಾಪಾರ ಪಕ್ಕದ ಹೊಸ ಬಂದರಿಗೆ ಸರಿಯಿತು, ನದಿ ಹೂಳು ತಂದು ತುಂಬಿತು, ಜನ ಮೆಲ್ಲಗೆ ಖಾಲಿ ಮಾಡಿದರು. ಸಮುದ್ರ ಈಗ ಸುಮಾರು 3 ಕಿಲೋಮೀಟರ್ ದೂರ. ಯಾರೂ ಹೆಚ್ಚು ಹೇಳದ ಈ ಕಥೆ ನನ್ನನ್ನು ಜಾಸ್ತಿ ಕಾಡುತ್ತದೆ.

ದಾರಿಹೋಕಿ:
ಓಸ್ಟಿಯಾ ಅಂತಲೇ ತೀರ್ಮಾನ ಮಾಡಿದೆ. ಹೋಗೋದು ಹೇಗೆ? ಅಮ್ಮ ಎಷ್ಟು ನಡೀಬೇಕಾಗುತ್ತೆ?

ಇಟ್ಟಿಗೆಗೋಡೆ:
ಮೆಟ್ರೊ ಬಿ ಲೈನ್‌ನಲ್ಲಿ ಪಿರಮಿಡೆಗೆ ಹೋಗಿ. ಪಕ್ಕದಲ್ಲೇ ಪೋರ್ತಾ ಸಾನ್ ಪಾವೊಲೊ ನಿಲ್ದಾಣ. ಅಲ್ಲಿಂದ ಲೀಡೊ ಕಡೆಯ ರೈಲು, ಅರ್ಧ ಗಂಟೆ ದಾರಿ. ಮಾಮೂಲಿ ಮೆಟ್ರೊ ಟಿಕೆಟ್ ಸಾಕು. ಓಸ್ಟಿಯಾ ಆಂಟಿಕಾ ನಿಲ್ದಾಣದಲ್ಲಿ ಇಳಿದ ಮೇಲೆ ಒಂದು ಮೇಲ್ಸೇತುವೆ ದಾಟಿ ಸ್ವಲ್ಪ ನಡೆದರೆ ಗೇಟು.

ಮುಖ್ಯ ಬೀದಿ ಒಂದು ಕಿಲೋಮೀಟರಿಗೂ ಉದ್ದ. ಹಾಸುಗಲ್ಲು ಏರುತಗ್ಗು, ಅಮ್ಮ ಅದರ ಮೇಲೆ ನಡೆಯೋದು ಬೇಡ, ಪಕ್ಕದ ಮಣ್ಣಿನ ಅಂಚು ಹಿಡಿಯಲಿ. ಥಿಯೇಟರ್, ಚೌಕ, ಡಯಾನಾ ಬೀದಿ ಒಂದಕ್ಕೊಂದು ಹತ್ತಿರ. ಇಷ್ಟು ನೋಡಿ ಪೈನ್ ಮರದ ನೆರಳಲ್ಲಿ ಅಮ್ಮನನ್ನು ಕೂರಿಸಿ, ನೀವು ಮುಂದಿನದು ಸುತ್ತಿ ಬನ್ನಿ. ಗಟ್ಟಿ ಅಡಿಯ ಶೂ ಹಾಕಿಸಿ. ಸೋಮವಾರ ಮಾತ್ರ ಹೋಗಬೇಡಿ, ಅವತ್ತು ಬಾಗಿಲು ಹಾಕಿರುತ್ತಾರೆ.