ಮೆಂಟೆನೆನ್ಸ್ ಚದರಡಿಗೆ 4 ರೂ: ಫ್ಲಾಟ್ ಕೊಳ್ಳಬಹುದೇ?

ಪ್ರಶ್ನೆ: ವೈಟ್‌ಫೀಲ್ಡ್ ಕಡೆ 1,900 ಚದರಡಿಯ ಮರುಮಾರಾಟದ ಫ್ಲಾಟ್. ಮೆಂಟೆನೆನ್ಸ್ ತಿಂಗಳಿಗೆ 7,600. ಕೊಳ್ಳುವ ಮುಂಚೆ ಏನೇನು ನೋಡಬೇಕು?

ಉತ್ತರ 1: 7,600 ಅಂತ ನಿಲ್ಲಿಸಬೇಡಿ. ತಿಂಗಳಿಗೆ 7,500 ದಾಟಿ, ಫ್ಲಾಟ್ ಮಾಲೀಕರ ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದರೆ 18% ಜಿಎಸ್‌ಟಿ. 2019ರ ಕೇಂದ್ರ ಸುತ್ತೋಲೆಯಂತೆ ಪೂರ್ತಿ ಮೊತ್ತಕ್ಕೆ ಹಾಕಿದರೆ 8,968 ಆಗುತ್ತೆ. 2021ರಲ್ಲಿ ಮದ್ರಾಸ್ ಹೈಕೋರ್ಟ್ 7,500 ಮೀರಿದ ಮೊತ್ತಕ್ಕಷ್ಟೇ ತೆರಿಗೆ ಎಂದಿತು. ಹಾಗಾದರೆ ತೆರಿಗೆ ಬರೀ 18 ರೂ! ನಿಮ್ಮ ಸಂಘ ಹೇಗೆ ಹಾಕುತ್ತೆ ಕೇಳಿ. ಚದರಡಿ ಲೆಕ್ಕ ಸೂಪರ್ ಬಿಲ್ಟ್‌ಅಪ್ (ಸಾಮಾನ್ಯ ಜಾಗದ ಪಾಲೂ ಸೇರಿದ ಅಳತೆ) ಮೇಲೋ ಕಾರ್ಪೆಟ್ (ಮನೆಯೊಳಗಿನ ನೆಲದ ಅಳತೆ) ಮೇಲೋ ಅನ್ನೋದನ್ನೂ.

ಉತ್ತರ 2: ದರಕ್ಕಿಂತ ಕಾರ್ಪಸ್ ಫಂಡ್, ಅಂದರೆ ದೊಡ್ಡ ರಿಪೇರಿಗಳಿಗೆ ಕೂಡಿಟ್ಟ ಹಣ, ಮುಖ್ಯ. 3 ವರ್ಷದ ಆಡಿಟ್ ವರದಿ, ಸಭೆಯ ನಡಾವಳಿ ತರಿಸಿ ಓದಿ. ಲಿಫ್ಟ್ ಹಳೆಯದಾಗಿ ಫಂಡ್ ಖಾಲಿ ಇದ್ದರೆ, ಬಣ್ಣ, ವಾಟರ್‌ಪ್ರೂಫಿಂಗ್ ಖರ್ಚೆಲ್ಲ ವಿಶೇಷ ವಂತಿಗೆಯಾಗಿ ನಿಮ್ಮ ತಲೆಗೇ. ಬಿಲ್ಡರ್ ಕಾರ್ಪಸ್ ಅನ್ನು ಸಂಘಕ್ಕೆ ವರ್ಗಾಯಿಸಿದ್ದಾರಾ ನೋಡಿ.

ಉತ್ತರ 3: ಟ್ಯಾಂಕರ್ ನೀರು, ಜನರೇಟರ್ ಡೀಸೆಲ್ ಬೇರೆ ಬಿಲ್ಲಾ? ಮಾರ್ಚ್-ಏಪ್ರಿಲ್ ಬಿಲ್ ಕೇಳಿ, ಜುಲೈದಲ್ಲ. ಮಾರುವವರಿಂದ ಸಂಘದ ಬಾಕಿ ಇಲ್ಲದ ಪತ್ರ ಬರದೆ ನೋಂದಣಿಗೆ ಹೋಗಬೇಡಿ.