ಮೊದಲ ಪಂದ್ಯ ಗೆದ್ದ ಸಂಡರ್‌ಲ್ಯಾಂಡ್ ಪ್ರೀಮಿಯರ್ ಲೀಗಿನಲ್ಲಿ ಉಳಿಯುತ್ತದೆಯೇ? ತರಬೇತುದಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಬಸವನಗುಡಿಯ ಸದಸ್ಯೆ, ಆಗಸ್ಟ್ 20, 2025)

ನಮಸ್ಕಾರ ಸರ್. ಕಳೆದ ಶನಿವಾರ ಸಂಜೆ ಏಳೂವರೆಗೆ ಆರಂಭವಾದ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಪಂದ್ಯದಲ್ಲಿ ಸಂಡರ್‌ಲ್ಯಾಂಡ್ ತಂಡವು ವೆಸ್ಟ್ ಹ್ಯಾಮ್ ತಂಡವನ್ನು 3–0 ಅಂತರದಿಂದ ಸೋಲಿಸಿದ್ದನ್ನು ನಾನು ಮತ್ತು ನನ್ನ ಹನ್ನೆರಡು ವರ್ಷದ ಮಗಳು ಕೊನೆಯವರೆಗೂ ಕೂತು ನೋಡಿದೆವು. ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಶೆಫೀಲ್ಡ್ ಯುನೈಟೆಡ್ ವಿರುದ್ಧ ಕೊನೆಯ ಗಳಿಗೆಯ ಗೋಲಿನಿಂದ 2–1ರಲ್ಲಿ ಗೆದ್ದು ಆ ತಂಡ ಕೆಳಗಿನ ಲೀಗಿನಿಂದ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆದ ದಿನದಿಂದ ಅವಳಿಗೆ ಅದೇ ತನ್ನ ತಂಡವಾಗಿದೆ. ಆದರೆ ಕಳೆದ ಎರಡು ಸೀಸನ್‌ಗಳಲ್ಲಿ ಬಡ್ತಿ ಪಡೆದು ಬಂದ ಮೂರು ತಂಡಗಳೂ ಅದೇ ವರ್ಷ ಕೆಳಗಿಳಿದವು ಎಂದು ಓದಿ ಅವಳು ಬೇಸರಗೊಂಡಿದ್ದಾಳೆ. ಸಂಡರ್‌ಲ್ಯಾಂಡ್ ಉಳಿಯುವ ಸಾಧ್ಯತೆ ನಿಜವಾಗಿ ಎಷ್ಟಿದೆ, ಅಂಕಪಟ್ಟಿಯನ್ನು ಬಿಟ್ಟು ಬೇರೇನನ್ನು ಗಮನಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ (ತರಬೇತುದಾರ ಮತ್ತು ಪಂದ್ಯ ವಿಶ್ಲೇಷಕ)

ನಮಸ್ಕಾರ ಮೇಡಂ. ನಿಮ್ಮ ಮಗಳು ಓದಿದ್ದು ನಿಜ. 2023–24ರಲ್ಲಿ ಲ್ಯೂಟನ್, ಬರ್ನ್‌ಲಿ ಮತ್ತು ಶೆಫೀಲ್ಡ್ ಯುನೈಟೆಡ್, 2024–25ರಲ್ಲಿ ಲೆಸ್ಟರ್, ಇಪ್ಸ್‌ವಿಚ್ ಮತ್ತು ಸೌತಾಂಪ್ಟನ್, ಹೀಗೆ ಆರಕ್ಕೆ ಆರೂ ತಂಡಗಳು ಒಂದೇ ವರ್ಷದಲ್ಲಿ ಹಿಂದಿರುಗಿದವು. ಅದಕ್ಕೂ ಮೊದಲು ಪ್ರೀಮಿಯರ್ ಲೀಗಿನಲ್ಲಿ ಮೂರಕ್ಕೆ ಮೂರೂ ತಂಡಗಳು ಬಿದ್ದದ್ದು 1997–98ರಲ್ಲಿ ಒಮ್ಮೆ ಮಾತ್ರ. ಇದರ ಜೊತೆಗೆ ಅವಳಿಗೆ 2022–23ರ ಸಂಗತಿಯನ್ನೂ ಹೇಳಿ. ಆ ವರ್ಷ ಬಡ್ತಿ ಪಡೆದಿದ್ದ ಫುಲ್‌ಹ್ಯಾಮ್, ಬೋರ್ನ್‌ಮತ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೂರೂ ಉಳಿದುಕೊಂಡವು, ಇಂದಿಗೂ ಅಲ್ಲೇ ಇವೆ.

ಮೊದಲ ಪಂದ್ಯದ ಗೆಲುವಿಗೆ ನಾನು ಹೆಚ್ಚಿನ ತೂಕ ಕೊಡುವುದಿಲ್ಲ. 2010ರಲ್ಲಿ ಬ್ಲ್ಯಾಕ್‌ಪೂಲ್ ತನ್ನ ಮೊದಲ ಪಂದ್ಯದಲ್ಲೇ ವಿಗನ್ ತಂಡವನ್ನು ಅದರದೇ ಅಂಗಳದಲ್ಲಿ 4–0ರಿಂದ ಸೋಲಿಸಿತ್ತು. ಮರುವರ್ಷದ ಮೇ ತಿಂಗಳಲ್ಲಿ 39 ಅಂಕಗಳಿದ್ದೂ ಕೆಳಗಿಳಿಯಿತು. 2008ರಲ್ಲಿ ಹಲ್ ಸಿಟಿ ಮೊದಲ ಒಂಬತ್ತು ಪಂದ್ಯಗಳಲ್ಲಿ 20 ಅಂಕ ಗಳಿಸಿ ಎಲ್ಲರನ್ನೂ ಬೆರಗುಗೊಳಿಸಿತ್ತು, ಆದರೆ ಉಳಿದ 29 ಪಂದ್ಯಗಳಲ್ಲಿ ಅದಕ್ಕೆ ಸಿಕ್ಕಿದ್ದು 15 ಅಂಕ ಮಾತ್ರ. 17ನೆಯ ಸ್ಥಾನದಲ್ಲಿ ಅದು ಹೇಗೋ ಬಚಾವಾಯಿತು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ 2014–15ರ ಲೆಸ್ಟರ್: ಕ್ರಿಸ್‌ಮಸ್ ದಿನ ಪಟ್ಟಿಯ ತಳದಲ್ಲಿದ್ದ ಆ ತಂಡ ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು 41 ಅಂಕಗಳೊಂದಿಗೆ ಉಳಿಯಿತು.

ನಾನು ಮುಖ್ಯವಾಗಿ ಗಮನಿಸುವುದು ತಂಡ ಬಿಟ್ಟುಕೊಡುವ ಗೋಲುಗಳ ಲೆಕ್ಕವನ್ನು. ಮೇಲೆ ಹೇಳಿದ ಆರು ತಂಡಗಳು 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ನೋಡಿ. ಬರ್ನ್‌ಲಿ 78, ಲೆಸ್ಟರ್ 80, ಇಪ್ಸ್‌ವಿಚ್ 82, ಲ್ಯೂಟನ್ 85, ಸೌತಾಂಪ್ಟನ್ 86, ಶೆಫೀಲ್ಡ್ ಯುನೈಟೆಡ್ 104. ಪಂದ್ಯಕ್ಕೆ ಎರಡರಂತೆ ಲೆಕ್ಕ ಹಾಕಿದರೆ 76 ಆಗುತ್ತದೆ, ಆರೂ ತಂಡಗಳು ಆ ಗೆರೆಯನ್ನು ದಾಟಿವೆ. 2022–23ರಲ್ಲಿ ಉಳಿದ ಮೂರು ತಂಡಗಳು ಬಿಟ್ಟುಕೊಟ್ಟದ್ದು 53, 68 ಮತ್ತು 71. ಲ್ಯೂಟನ್ 52 ಗೋಲು ಹೊಡೆದಿತ್ತು, ಅಂದರೆ ಅದಕ್ಕೆ ಹೊಡೆಯಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. ಬ್ಲ್ಯಾಕ್‌ಪೂಲ್ ಕೂಡ 55 ಹೊಡೆದು 78 ಬಿಟ್ಟುಕೊಟ್ಟಿತ್ತು. ಎರಡು ಗೋಲು ಬಿಟ್ಟುಕೊಡುವ ತಂಡ ಆ ಪಂದ್ಯ ಗೆಲ್ಲಬೇಕಾದರೆ ಮೂರು ಹೊಡೆಯಬೇಕು, ಮತ್ತು ಹೊಸದಾಗಿ ಬಂದ ತಂಡಕ್ಕೆ ಅದು ವರ್ಷದಲ್ಲಿ ನಾಲ್ಕೈದು ಬಾರಿ ಸಾಧ್ಯವಾದರೆ ಅದೇ ಹೆಚ್ಚು.

ಎಷ್ಟು ಅಂಕ ಬೇಕು ಎಂಬುದರ ಬಗ್ಗೆಯೂ ಒಂದು ಮಾತು. ನಲವತ್ತು ಎಂಬ ಹಳೆಯ ಲೆಕ್ಕವನ್ನು ವೀಕ್ಷಕ ವಿವರಣೆಗಾರರು ಇನ್ನೂ ಬಿಟ್ಟಿಲ್ಲ. 2002–03ರಲ್ಲಿ ವೆಸ್ಟ್ ಹ್ಯಾಮ್ 42 ಅಂಕಗಳಿದ್ದೂ ಬಿದ್ದದ್ದು ನಿಜ. ಆದರೆ ಕೆಳಗಿಳಿಯುವ ಕೊನೆಯ ಮೂರು ತಂಡಗಳಲ್ಲಿ ಮೇಲಿನದು, ಅಂದರೆ 18ನೆಯ ಸ್ಥಾನದ ತಂಡ, ಗಳಿಸಿದ್ದು 2021–22ರಲ್ಲಿ 35, ಮರುವರ್ಷ 34, ಅದರ ಮರುವರ್ಷ 26, ಕಳೆದ ವರ್ಷ 25. ಆದ್ದರಿಂದ ಪಂದ್ಯಕ್ಕೆ ಒಂದು ಅಂಕಕ್ಕಿಂತ ತುಸು ಕಡಿಮೆ ಗಳಿಸುತ್ತಿದ್ದರೂ ನಿಮ್ಮ ಮಗಳು ಎದೆಗುಂದಬೇಕಾಗಿಲ್ಲ.

ಇನ್ನು ಸಂಡರ್‌ಲ್ಯಾಂಡ್ ವಿಷಯ. ಪ್ರೀಮಿಯರ್ ಲೀಗಿನ ಕೆಳಗಿನ ಲೀಗಾದ ಚಾಂಪಿಯನ್‌ಶಿಪ್‌ನಲ್ಲಿ ಕಳೆದ ವರ್ಷ ಅದು 76 ಅಂಕಗಳೊಂದಿಗೆ ನಾಲ್ಕನೆಯ ಸ್ಥಾನದಲ್ಲಿತ್ತು. ತಲಾ 100 ಅಂಕ ಗಳಿಸಿದ ಲೀಡ್ಸ್ ಮತ್ತು ಬರ್ನ್‌ಲಿಗಿಂತ 24 ಅಂಕ ಹಿಂದೆ. ಈ ಕಾರಣಕ್ಕೆ ಹಲವರು ಇದನ್ನೇ ಮೊದಲು ಬೀಳುವ ತಂಡವೆಂದು ತೀರ್ಮಾನಿಸಿದ್ದಾರೆ. ನಾನು ಒಪ್ಪುವುದಿಲ್ಲ. 2022–23ರಲ್ಲಿ 101 ಅಂಕ ಗಳಿಸಿ ಚಾಂಪಿಯನ್ ಆದ ಬರ್ನ್‌ಲಿಯೇ ಮರುವರ್ಷ ಮೇಲಿನ ಲೀಗಿನಲ್ಲಿ 24 ಅಂಕಕ್ಕೆ ನಿಂತಿತು ಎಂಬುದನ್ನು ನೋಡಿದರೆ, ಕೆಳಗಿನ ಲೀಗಿನ ಅಂಕಗಳು ಮೇಲಿನ ಲೀಗಿನ ಭವಿಷ್ಯ ಹೇಳುವುದಿಲ್ಲವೆಂಬುದು ಸ್ಪಷ್ಟ. ನಡುಭಾಗದ ಆಟಗಾರ ಜೋಬ್ ಬೆಲ್ಲಿಂಗ್‌ಹ್ಯಾಮ್ ಜರ್ಮನಿಯ ಡಾರ್ಟ್‌ಮಂಡ್‌ ತಂಡಕ್ಕೆ ಹೋದದ್ದು ನಷ್ಟವೇ ಸರಿ. ಆದರೆ ತರಬೇತುದಾರ ರೆಜಿಸ್ ಲೆ ಬ್ರಿ ಅವರ ತಂಡಕ್ಕೆ ಮೈದಾನದ ನಡುಭಾಗದಲ್ಲಿ ಗ್ರಾನಿಟ್ ಜಾಕಾ, ಹಬೀಬ್ ಡಿಯಾರಾ, ನೋವಾ ಸಾದಿಕಿ ಬಂದಿದ್ದಾರೆ, ಗೋಲ್‌ಕೀಪರ್ ಸ್ಥಾನಕ್ಕೆ ರೋಬಿನ್ ರೂಫ್ಸ್ ಬಂದಿದ್ದಾರೆ. ಗೋಲು ಬಿಟ್ಟುಕೊಡುವುದನ್ನು ಕಡಿಮೆ ಮಾಡುವ ಜಾಗಗಳು ಇವೇ. ಆರ್ಸೆನಲ್‌ನಲ್ಲಿ ಏಳು ವರ್ಷ ಆಡಿ, ನಂತರ ಲೆವರ್ಕುಸೆನ್ ಜೊತೆ 2023–24ರಲ್ಲಿ ಒಂದೂ ಪಂದ್ಯ ಸೋಲದೆ ಜರ್ಮನಿಯ ಲೀಗ್ ಗೆದ್ದ ಜಾಕಾ ಅವರಂಥ ಆಟಗಾರನು, ತಂಡ ಸತತ ನಾಲ್ಕು ಪಂದ್ಯ ಸೋತ ವಾರದಲ್ಲಿ ಅಭ್ಯಾಸದ ಮೈದಾನದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಬೆಲೆ ಕಟ್ಟಲಾಗದು. ನೂರರಲ್ಲಿ ಐವತ್ತೈದರಷ್ಟು ಉಳಿಯುವ ಸಾಧ್ಯತೆ ಇದೆ ಎಂಬುದು ನನ್ನ ಅಂದಾಜು.

ಪ್ರಶ್ನೆ (ಆರ್.ಟಿ. ನಗರದ ಸದಸ್ಯರು)

ಸರ್, ನಿಮ್ಮ ಮಾತಿನಿಂದ ನನಗೊಂದು ಸಂದೇಹ ಬಂದಿದೆ. ಯಾವ ಆಟದಿಂದ ತಂಡ ಬಡ್ತಿ ಪಡೆಯಿತೋ, ಆ ಆಟವನ್ನೇ ಬಿಟ್ಟು ಹಿಂದೆ ಸರಿದು ಗೋಡೆ ಕಟ್ಟಿಕೊಂಡು ನಿಲ್ಲಬೇಕೆಂಬುದು ನಿಮ್ಮ ಅಭಿಪ್ರಾಯವೇ? ಅದಕ್ಕಿಂತ ಹೆಚ್ಚು ಹಣ ಖರ್ಚು ಮಾಡಿ ಒಳ್ಳೆಯ ಆಟಗಾರರನ್ನು ತರುವುದು ಮೇಲಲ್ಲವೇ?

ಉತ್ತರ

ಹಣದ ವಿಷಯವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಕ್ಲಬ್ಬಿನ ಇಷ್ಟಕ್ಕೆ ಇರುವ ಜಾಗ ಚಿಕ್ಕದು. ಪ್ರೀಮಿಯರ್ ಲೀಗಿನ ನಿಯಮದಂತೆ ಒಂದು ಕ್ಲಬ್ ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡ್‌ವರೆಗೆ ನಷ್ಟ ತೋರಿಸಬಹುದು, ವರ್ಷಕ್ಕೆ 3.5 ಕೋಟಿಯಂತೆ. ಆದರೆ ಕೆಳಗಿನ ಲೀಗಿನಲ್ಲಿ ಕಳೆದ ಪ್ರತಿ ವರ್ಷಕ್ಕೆ ಈ ಮಿತಿ 1.3 ಕೋಟಿಗೆ ಇಳಿಯುವುದರಿಂದ, ಹಿಂದಿನ ಎರಡು ವರ್ಷ ಕೆಳಗಿದ್ದ ತಂಡಕ್ಕೆ ಸಿಗುವುದು 6.1 ಕೋಟಿ ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದು ಎಲ್ಲರಿಗೂ ಅನ್ವಯಿಸುವ ಮಾತಾದರೂ, ಹೊಸದಾಗಿ ಬಂದವರಿಗೆ ಕೊಡುವ ಹಾಸಿಗೆಯೇ ಗಿಡ್ಡ.

ಆಟದ ವಿಷಯ ಬೇರೆ. ಗೋಡೆ ಕಟ್ಟಿಕೊಂಡು ನಿಲ್ಲಿ ಎಂದು ನಾನು ಹೇಳುತ್ತಿಲ್ಲ. ಚೆಂಡು ತನ್ನ ಬಳಿ ಇಲ್ಲದಾಗ ಹೇಗಿರಬೇಕೆಂಬುದನ್ನು ಬಡ್ತಿ ಪಡೆದ ತಂಡ ಹೊಸದಾಗಿ ಕಲಿಯಬೇಕು ಎಂದು ಹೇಳುತ್ತಿದ್ದೇನೆ. ಕೆಳಗಿನ ಲೀಗಿನಲ್ಲಿ ಪಂದ್ಯದ ಹೆಚ್ಚಿನ ಹೊತ್ತು ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಗೆದ್ದ ತಂಡಕ್ಕೆ ಆ ಕಲಿಕೆಯ ಅಗತ್ಯವೇ ಬಿದ್ದಿರುವುದಿಲ್ಲ. ಗೋಲ್‌ಕೀಪರ್‌ನಿಂದಲೇ ಸಣ್ಣ ಪಾಸುಗಳಲ್ಲಿ ಆಟ ಕಟ್ಟುತ್ತಾ ಬಡ್ತಿ ಪಡೆದ ಸೌತಾಂಪ್ಟನ್, ಕಳೆದ ವರ್ಷ ಅದೇ ಕ್ರಮವನ್ನು ಬಿಡದೆ ಮುಂದುವರಿಸಿ, ತನ್ನದೇ ಪೆನಾಲ್ಟಿ ಆವರಣದ ಬಳಿ ಮತ್ತೆ ಮತ್ತೆ ಚೆಂಡು ಕಳೆದುಕೊಂಡಿತು. ತರಬೇತುದಾರರು ಬದಲಾದರೂ ಚೇತರಿಸಿಕೊಳ್ಳದೆ, ಇನ್ನೂ ಏಳು ಪಂದ್ಯ ಬಾಕಿ ಇರುವಾಗಲೇ ಕೆಳಗಿಳಿಯುವುದು ಖಚಿತವಾಗಿ 12 ಅಂಕಗಳೊಂದಿಗೆ ವರ್ಷ ಮುಗಿಸಿತು.

ಇದು ಇಂಗ್ಲೆಂಡಿಗೆ ಸೀಮಿತವಾದ ಪಾಠವಲ್ಲ. ಹಲವು ವರ್ಷಗಳ ಹಿಂದೆ ನಾನು ಸಹಾಯಕ ತರಬೇತುದಾರನಾಗಿದ್ದ ತಂಡವೊಂದು ನಮ್ಮ ಬೆಂಗಳೂರಿನ ಜಿಲ್ಲಾ ಲೀಗಿನಲ್ಲಿ ಮೇಲಿನ ಡಿವಿಷನ್‌ಗೆ ಏರಿತ್ತು. ಕೆಳಗಿನ ಡಿವಿಷನ್‌ನಲ್ಲಿ ನಮ್ಮ ಗೋಲ್‌ಕೀಪರ್ ಚೆಂಡನ್ನು ಪಕ್ಕದ ಡಿಫೆಂಡರ್‌ಗೆ ಉರುಳಿಸಿದರೆ ಎದುರಾಳಿ ಫಾರ್ವರ್ಡ್‌ಗಳು ಮಧ್ಯದ ಗೆರೆಯ ಬಳಿ ನಿಂತು ನೋಡುತ್ತಿದ್ದರು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಹೊಸ ಡಿವಿಷನ್‌ನ ಮೊದಲ ಪಂದ್ಯ ಆಡಿದ ದಿನ, ಅದೇ ಪಾಸು ಡಿಫೆಂಡರ್‌ನ ಕಾಲು ಮುಟ್ಟುವ ಮೊದಲೇ ಇಬ್ಬರು ಓಡಿ ಬಂದಿದ್ದರು. ಅಂದು ನಾವು ಬಿಟ್ಟುಕೊಟ್ಟ ಮೂರೂ ಗೋಲುಗಳು ನಮ್ಮ ಅರ್ಧದಲ್ಲೇ ಕಳೆದುಕೊಂಡ ಚೆಂಡಿನಿಂದ ಬಂದವು. ನಮ್ಮ ಹುಡುಗರು ಒಂದೇ ವಾರದಲ್ಲಿ ಕೆಟ್ಟ ಆಟಗಾರರಾಗಿರಲಿಲ್ಲ, ಅವರಿಗೆ ಯೋಚಿಸಲು ಸಿಗುತ್ತಿದ್ದ ಸಮಯ ಅರ್ಧಕ್ಕೆ ಇಳಿದಿತ್ತು. ನಾವು ಅದನ್ನು ಅರ್ಥಮಾಡಿಕೊಳ್ಳಲು ಐದು ಪಂದ್ಯ ತೆಗೆದುಕೊಂಡೆವು, ಕೊನೆಗೆ ಎರಡು ಅಂಕದಿಂದ ಬಿದ್ದೆವು. ಆ ಐದು ಪಂದ್ಯಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಪ್ರಶ್ನೆ (ಆಸ್ಟಿನ್ ಟೌನ್‌ನ ಸದಸ್ಯರು)

ಸರ್, ನಮ್ಮೂರಿನ ಎಸ್‌ಸಿ ಬೆಂಗಳೂರು ತಂಡ 2023–24ರ ಐ-ಲೀಗ್ 2 ಗೆದ್ದು ಅದರ ಮೇಲಿನ ರಾಷ್ಟ್ರೀಯ ಲೀಗಾದ ಐ-ಲೀಗಿಗೆ ಏರಿತು, ಆದರೆ 2024–25ರಲ್ಲೇ ಡೆಲ್ಲಿ ಎಫ್‌ಸಿ ಜೊತೆ ಕೆಳಗಿಳಿಯಿತು. ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತ್ತಲ್ಲವೇ? ಇವರಿಗೇಕೆ ಸಾಧ್ಯವಾಗಲಿಲ್ಲ?

ಉತ್ತರ

ಈ ಹೋಲಿಕೆ ಎಸ್‌ಸಿ ಬೆಂಗಳೂರಿಗೆ ಅನ್ಯಾಯ ಮಾಡುತ್ತದೆ. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಬಡ್ತಿಯಿಂದ ಬಂದ ತಂಡವಲ್ಲ. ಅದಕ್ಕೆ ಐ-ಲೀಗಿನಲ್ಲಿ ನೇರ ಪ್ರವೇಶ ದೊರೆತಿತ್ತು, ಸುನಿಲ್ ಛೆಟ್ರಿ ಅವರಂಥ ರಾಷ್ಟ್ರೀಯ ತಂಡದ ಆಟಗಾರರನ್ನು ಸೇರಿಸಿಕೊಂಡು ಆ್ಯಷ್ಲಿ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಅದು ಮೇಲಿನ ಹಂತಕ್ಕೆಂದೇ ಕಟ್ಟಿದ ತಂಡವಾಗಿತ್ತು.

ಕೆಳಗಿನಿಂದ ಏರಿ ಬಂದ ತಂಡದ ಕಷ್ಟವೇ ಬೇರೆ. ಹನ್ನೆರಡು ತಂಡಗಳ ಐ-ಲೀಗಿನಲ್ಲಿ ಪ್ರತಿ ತಂಡಕ್ಕೆ ಇರುವುದು 22 ಪಂದ್ಯ, ಬೀಳುವುದು ಎರಡು ತಂಡ. 38 ಪಂದ್ಯಗಳ ಲೀಗಿನಲ್ಲಿ ಐದು ಪಂದ್ಯಗಳ ಕೆಟ್ಟ ಆರಂಭವನ್ನು ಸರಿಪಡಿಸಿಕೊಳ್ಳಲು ಅವಕಾಶವಿದೆ, 22ರಲ್ಲಿ ಅದು ಸುಮಾರು ಕಾಲು ಭಾಗದ ಸೀಸನ್ ಆಗಿಬಿಡುತ್ತದೆ. ಇದರ ಮೇಲೆ ಪ್ರಯಾಣ: ಬೆಂಗಳೂರಿನ ತಂಡ ಒಂದು ವಾರ ಶ್ರೀನಗರದ ಚಳಿಗೆ, ಇನ್ನೊಂದು ವಾರ ಐಜಾಲ್ ಅಥವಾ ಶಿಲ್ಲಾಂಗ್‌ನ ಎತ್ತರಕ್ಕೆ ಹೋಗಿ ಬರಬೇಕು, ನಡುವೆ ಅಭ್ಯಾಸಕ್ಕೆ ಉಳಿಯುವ ದಿನಗಳು ಬೆರಳೆಣಿಕೆಯಷ್ಟು. ಚಿಕ್ಕ ಕ್ಲಬ್ಬಿನಲ್ಲಿ ಹದಿನೈದು, ಹದಿನಾರು ಆಟಗಾರರ ಮೇಲೆಯೇ ಈ ಹೊರೆ ಬೀಳುತ್ತದೆ.

ಐ-ಲೀಗಿನಿಂದ ಅದಕ್ಕಿಂತ ಮೇಲಿನ ಇಂಡಿಯನ್ ಸೂಪರ್ ಲೀಗಿಗೆ (ಐಎಸ್‌ಎಲ್) ಏರಿದ ತಂಡಗಳ ಸ್ಥಿತಿಯನ್ನೂ ನೋಡಿ. 2023–24ರಲ್ಲಿ ಪಂಜಾಬ್ ಎಫ್‌ಸಿ ಎಂಟನೆಯ ಸ್ಥಾನ ಪಡೆದು ಮಾನ ಉಳಿಸಿಕೊಂಡಿತು, ಮರುವರ್ಷ ಬಂದ ಮೊಹಮ್ಮಡನ್ ಸ್ಪೋರ್ಟಿಂಗ್ ಕೊನೆಯ ಸ್ಥಾನಕ್ಕೆ ಹೋಯಿತು. ಐಎಸ್‌ಎಲ್‌ನಲ್ಲಿ ಕೆಳಗಿಳಿಯುವ ನಿಯಮ ಇಲ್ಲದ್ದರಿಂದ ಅದು ಉಳಿದುಕೊಂಡಿತು. ಮೇಲಿನವರು ಬೀಳುವುದಿಲ್ಲ, ಕೆಳಗಿನವರು ಮಾತ್ರ ಬೀಳುತ್ತಾರೆ ಎಂಬ ಈ ವ್ಯವಸ್ಥೆಯನ್ನು ನಾನು ಒಪ್ಪುವುದಿಲ್ಲ. ಬೀಳುವ ಭಯವಿಲ್ಲದ ತಂಡಗಳಿಗೆ ಫೆಬ್ರುವರಿ ತಿಂಗಳ ಪಂದ್ಯಗಳು ಬರೀ ಕೆಲಸವಾಗಿಬಿಡುತ್ತವೆ.

ಪ್ರಶ್ನೆ (ಬಸವನಗುಡಿಯ ಸದಸ್ಯೆ)

ಬಹಳ ಧನ್ಯವಾದ ಸರ್. ಮಗಳು ಒಂದು ನೋಟ್‌ಬುಕ್ ತೆಗೆದುಕೊಂಡು ಕೂತಿದ್ದಾಳೆ. ಏನೇನು ಬರೆದಿಟ್ಟುಕೊಳ್ಳಬೇಕೆಂದು ಕೇಳುತ್ತಿದ್ದಾಳೆ.

ಉತ್ತರ

ಪ್ರತಿ ಪಂದ್ಯದ ನಂತರ ಬಿಟ್ಟುಕೊಟ್ಟ ಗೋಲುಗಳ ಒಟ್ಟು ಮೊತ್ತವನ್ನು ಬರೆಯಲಿ. ಹತ್ತು ಪಂದ್ಯವಾದಾಗ ಅದು ಹದಿನೈದರ ಒಳಗಿದ್ದರೆ ನಾನು ನೆಮ್ಮದಿಯಿಂದಿರುತ್ತೇನೆ, ಇಪ್ಪತ್ತು ದಾಟಿದ್ದರೆ ಇಲ್ಲ. ಗೋಲು ಹೇಗೆ ಬಂತು ಎಂಬುದನ್ನೂ ಒಂದು ಸಾಲಿನಲ್ಲಿ ಬರೆದರೆ ಇನ್ನೂ ಒಳ್ಳೆಯದು: ಕಾರ್ನರ್‌ನಿಂದಲೇ, ಎದುರಾಳಿಯ ಒಳ್ಳೆಯ ಆಟದಿಂದಲೇ, ಅಥವಾ ತಮ್ಮದೇ ಅರ್ಧದಲ್ಲಿ ಚೆಂಡು ಕಳೆದುಕೊಂಡದ್ದರಿಂದಲೇ. ಮೂರನೆಯ ಬಗೆ ಹೆಚ್ಚಾಗುತ್ತಿದ್ದರೆ ಚಿಂತಿಸಬೇಕು. ವೆಸ್ಟ್ ಹ್ಯಾಮ್ ವಿರುದ್ಧದ ಮೂರು ಗೋಲುಗಳಲ್ಲಿ ಮೊದಲೆರಡು ತಲೆಯಿಂದ ಹೊಡೆದವು ಎಂಬುದನ್ನೂ ಅವಳು ಗುರುತಿಸಿಟ್ಟುಕೊಳ್ಳಲಿ, ಏಕೆಂದರೆ ಚೆಂಡು ಹೆಚ್ಚು ಹೊತ್ತು ಸಿಗದ ತಂಡಕ್ಕೆ ಕ್ರಾಸ್ ಮತ್ತು ಕಾರ್ನರ್‌ಗಳೇ ದೊಡ್ಡ ಆಸರೆ.

ಕ್ಯಾಲೆಂಡರಿನಲ್ಲಿ ಡಿಸೆಂಬರ್ 21ಕ್ಕೆ ಒಂದು ಗುರುತು ಹಾಕಿಸಿ. ಅಂದು ಮೊರಾಕೊದಲ್ಲಿ ಆಫ್ರಿಕಾ ಕಪ್ ಆರಂಭವಾಗಿ ಜನವರಿ 18ರವರೆಗೆ ನಡೆಯುತ್ತದೆ. ಸೆನೆಗಲ್‌ನ ಡಿಯಾರಾ ಮತ್ತು ಕಾಂಗೊದ ಸಾದಿಕಿ ತಮ್ಮ ದೇಶಗಳಿಗೆ ಆಡಲು ಹೋದರೆ, ಪಂದ್ಯಗಳು ಒತ್ತೊತ್ತಾಗಿರುವ ಹೊತ್ತಿನಲ್ಲೇ ನಡುಭಾಗ ಖಾಲಿಯಾಗುತ್ತದೆ. ಅಷ್ಟರೊಳಗೆ ಇಪ್ಪತ್ತು ಅಂಕ ಕೂಡಿಟ್ಟಿರಬೇಕೆಂಬುದು ನನ್ನ ಆಸೆ.

ಕೊನೆಯದಾಗಿ, ತಮ್ಮ ಜೊತೆಗೇ ತಳದಲ್ಲಿ ಹೋರಾಡುವ ತಂಡಗಳ ವಿರುದ್ಧದ ಅಂಕಗಳಿಗೆ ಬೇರೆ ಪುಟ ಇರಲಿ. ಅಲ್ಲಿ ಗೆದ್ದರೆ ತಮಗೆ ಮೂರು ಸಿಗುತ್ತದೆ, ಎದುರಾಳಿಗೆ ಅದೇ ಮೂರು ತಪ್ಪುತ್ತದೆ. ಆ ಪುಟದ ಮೊದಲ ಸಾಲಿಗೆ ಬಹಳ ಕಾಯಬೇಕಾಗಿಲ್ಲ. ಇದೇ ಶನಿವಾರ, ಆಗಸ್ಟ್ 23ರ ಸಂಜೆ ಏಳೂವರೆಗೆ ಸಂಡರ್‌ಲ್ಯಾಂಡ್ ಆಡುವುದು ಬರ್ನ್‌ಲಿಯ ಟರ್ಫ್ ಮೂರ್ ಅಂಗಳದಲ್ಲಿ. ಕಳೆದ ವರ್ಷ ಚಾಂಪಿಯನ್‌ಶಿಪ್‌ನ 46 ಪಂದ್ಯಗಳಲ್ಲಿ ಕೇವಲ 16 ಗೋಲು ಬಿಟ್ಟುಕೊಟ್ಟ ತಂಡ ಅದು, ಕಳೆದ ಶನಿವಾರ ಟಾಟನ್‌ಹ್ಯಾಮ್ ಎದುರು ಒಂದೇ ದಿನದಲ್ಲಿ ಮೂರು ಬಿಟ್ಟುಕೊಟ್ಟಿತು. ಪಂದ್ಯ ಮುಗಿದ ಮೇಲೆ ಅವಳು ಬರೆದ ಸಾಲನ್ನು ಇಲ್ಲಿ ಹಾಕಿ, ನಾನು ಓದುತ್ತೇನೆ.