ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಪಟಪಟ ಬಡಿದುಕೊಳ್ಳುತ್ತಿದೆ, ಲೋಡ್ ರೆಸಿಸ್ಟರ್ ಹಾಕಲಾ?

ಪ್ರಶ್ನೆ (ಹಾಸನದ ಸದಸ್ಯರು):
ನಮಸ್ಕಾರ. ನನ್ನದು 2014ರ ಹ್ಯಾಚ್‌ಬ್ಯಾಕ್. ಹಿಂದಿನ ಎರಡೂ ಇಂಡಿಕೇಟರ್‌ಗೆ ಎಲ್‌ಇಡಿ ಬಲ್ಬ್ ಹಾಕಿದೆ. ಬೆಳಕೇನೋ ಚೆನ್ನಾಗಿದೆ. ಆದರೆ ಇಂಡಿಕೇಟರ್ ಆನ್ ಮಾಡಿದರೆ ಡಬಲ್ ಸ್ಪೀಡಲ್ಲಿ ಮಿನುಗುತ್ತದೆ. ಅಂಗಡಿಯವರು ‘6 ಓಮ್, 50 ವ್ಯಾಟ್ ಲೋಡ್ ರೆಸಿಸ್ಟರ್ ಹಾಕಿ, ಸರಿಹೋಗುತ್ತೆ’ ಅಂತ ಬಂಗಾರದ ಬಣ್ಣದ ಎರಡು ತುಂಡು ಕೊಟ್ಟಿದ್ದಾರೆ. ಎಲ್ಲಿಗೆ ಜೋಡಿಸಬೇಕು? ನಾನೇ ಮಾಡಿಕೊಳ್ಳಬಹುದಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್):
ಮಾಡಿಕೊಳ್ಳಬಹುದು ಸರ್. ಆದರೆ ಅದಕ್ಕೆ ಮೊದಲು ಆ ತುಂಡು ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ.

ನಿಮ್ಮ ಹಳೆಯ ಇಂಡಿಕೇಟರ್ ಬಲ್ಬ್ 21 ವ್ಯಾಟಿನದು. 12 ವೋಲ್ಟಿಗೆ ಸುಮಾರು 1.75 ಆಂಪಿಯರ್ ಎಳೆಯುತ್ತಿತ್ತು. ಈಗ ಹಾಕಿರುವ ಎಲ್‌ಇಡಿ 3 ವ್ಯಾಟ್ ಇದ್ದರೆ ಕಾಲು ಆಂಪಿಯರ್ ಅಷ್ಟೇ. ಇಂಡಿಕೇಟರನ್ನು ಮಿನುಗಿಸುವ ಭಾಗ, ಅಂದರೆ ಫ್ಲಾಷರ್, ಆ ಕರೆಂಟನ್ನು ಅಳೆಯುತ್ತಾ ಇರುತ್ತದೆ. ಕರೆಂಟ್ ಕಡಿಮೆಯಾದರೆ ‘ಒಂದು ಬಲ್ಬ್ ಸುಟ್ಟಿದೆ’ ಅಂತ ತಿಳಿದು ಬೇಗ ಬೇಗ ಮಿನುಗಿಸಿ ನಿಮಗೆ ಹೇಳುತ್ತದೆ. ಅಂದರೆ ನಿಮ್ಮ ಗಾಡಿಯಲ್ಲಿ ಏನೂ ಕೆಟ್ಟಿಲ್ಲ. ಅದು ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ.

ರೆಸಿಸ್ಟರ್ ಆ ಕಡಿಮೆಯಾದ ಕರೆಂಟನ್ನು ತಾನು ಎಳೆದು ತುಂಬಿಸುತ್ತದೆ. ಬೆಳಕು ಕೊಡುವುದಿಲ್ಲ, ಎಳೆದದ್ದೆಲ್ಲ ಶಾಖ. ಇಂಜಿನ್ ಓಡುವಾಗ 14 ವೋಲ್ಟ್ ಅಂದುಕೊಂಡರೆ 6 ಓಮ್ ರೆಸಿಸ್ಟರ್ 2.3 ಆಂಪಿಯರ್ ಎಳೆಯುತ್ತದೆ, ಸುಮಾರು 33 ವ್ಯಾಟ್ ಶಾಖ. ಮೊಬೈಲ್ ರಿಪೇರಿಯವರ ಕೈಯಲ್ಲಿರುವ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟಿನದು. ಅದನ್ನು ಪ್ಲಗ್ ಹಾಕಿ ಟೇಲ್ ಲ್ಯಾಂಪ್ ಹಿಂದೆ ಬಿಟ್ಟು ಬಂದ ಹಾಗೆ. ಇಂಡಿಕೇಟರ್ ಅರ್ಧ ಹೊತ್ತು ಆರಿರುತ್ತದೆ, ಹಾಗಾಗಿ ಸರಾಸರಿ ಅರ್ಧವಾಗುತ್ತದೆ, ನಿಜ. ಆದರೆ ಹಜಾರ್ಡ್ ಹಾಕಿ ಘಾಟಿಯಲ್ಲಿ ಅರ್ಧ ಗಂಟೆ ನಿಂತರೆ ಅದೂ ಸಾಕು.

ಕಳೆದ ಮಳೆಗಾಲದಲ್ಲಿ ನಮ್ಮ ಅಂಗಡಿಗೆ ಒಂದು ಗಾಡಿ ಬಂದಿತ್ತು. ಯಾರೋ ರೆಸಿಸ್ಟರನ್ನು ಡಿಕ್ಕಿಯ ವೈರಿಂಗ್ ಕಟ್ಟಿಗೇ ಜಿಪ್ ಟೈ ಹಾಕಿ ಬಿಗಿದಿದ್ದರು. ಟೈ ಕರಗಿ ರೆಸಿಸ್ಟರಿಗೆ ಅಂಟಿಕೊಂಡಿತ್ತು. ಪಕ್ಕದ ಮೂರು ವೈರಿನ ಸ್ಲೀವ್ ಮೆತ್ತಗಾಗಿ ಒಂದಕ್ಕೊಂದು ಹತ್ತಿಕೊಂಡಿದ್ದವು. ಒಂದರಲ್ಲಿ ತಾಮ್ರ ಕಾಣುತ್ತಿತ್ತು. ಮಾಲೀಕರು ಬಂದದ್ದು ‘ರಿವರ್ಸ್ ಲೈಟ್ ತಾನಾಗೇ ಹತ್ತುತ್ತಿದೆ’ ಅಂತ.

ಹಾಗಾಗಿ ಹೀಗೆ ಮಾಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚುವ ಮೊದಲೇ ಟೆಸ್ಟ್ ಲ್ಯಾಂಪ್ ಇಟ್ಟು ಇಂಡಿಕೇಟರ್ ವೈರ್ ಯಾವುದು, ಅರ್ತ್ ಯಾವುದು ಗುರುತಿಸಿಕೊಳ್ಳಿ. ಆಮೇಲೆ ಬಿಚ್ಚಿ. ರೆಸಿಸ್ಟರಿನ ಒಂದು ಕಾಲು ಇಂಡಿಕೇಟರ್ ವೈರಿಗೆ, ಇನ್ನೊಂದು ಅರ್ತಿಗೆ, ಅಂದರೆ ಬಲ್ಬಿಗೆ ಪ್ಯಾರಲಲ್. ಪ್ಲಸ್ ಮೈನಸ್ ಅಂತ ಇಲ್ಲ, ಹೇಗೆ ಹಾಕಿದರೂ ಆಗುತ್ತದೆ. ವೈರ್ ಕತ್ತರಿಸಿ ನಡುವೆ ಸೇರಿಸಬೇಡಿ. ಹಾಗೆ ಸೀರೀಸ್ ಹಾಕಿದರೆ ಎಲ್‌ಇಡಿ ಸ್ವಲ್ಪ ಮಂಕಾಗುತ್ತದೆ, ಬಡಿದುಕೊಳ್ಳುವುದು ನಿಲ್ಲುವುದಿಲ್ಲ. ಜಾಯಿಂಟನ್ನು ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಹಾಕಿ. ಪ್ಯಾಕೆಟ್ಟಿನ ಜೊತೆ ಬರುವ ನೀಲಿ ಕ್ಲಿಪ್ ಬೇಡ, ಮಳೆ ನೀರಿಗೆ ಒಳಗೆ ಹಸಿರು ಕಟ್ಟುತ್ತದೆ.

ಮುಖ್ಯವಾದದ್ದು ಅದನ್ನು ಕೂರಿಸುವ ಜಾಗ. ಮೇಲೆ ಬರೆದಿರುವ 50 ವ್ಯಾಟ್ ಲೆಕ್ಕ ಅದನ್ನು ದೊಡ್ಡ ಲೋಹದ ಹಾಳೆಗೆ ಒತ್ತಿ ಸ್ಕ್ರೂ ಮಾಡಿದಾಗ ಮಾತ್ರ. ಗಾಳಿಯಲ್ಲಿ ನೇತಾಡಿದರೆ ಅದರ ಅರ್ಧಕ್ಕಿಂತ ಕಡಿಮೆ ತಡೆಯುತ್ತದೆ. ಬಾಡಿ ಶೀಟಿಗೆ ಎರಡು ಸ್ಕ್ರೂ ಹಾಕಿ ಬಿಗಿಯಿರಿ, ಡಬಲ್ ಟೇಪ್ ಬೇಡ. ತೂತು ಹಾಕುವ ಮೊದಲು ಆ ಕಡೆ ಏನಿದೆ ನೋಡಿ, ತೂತಿನ ಅಂಚಿಗೆ ಪ್ರೈಮರ್ ಬಳಿಯಿರಿ. ವೈರ್, ಪ್ಲಾಸ್ಟಿಕ್, ಕಾರ್ಪೆಟ್, ಸ್ಪಂಜು ಯಾವುದೂ ತಾಗಬಾರದು. ಕೊನೆಗೆ ಇಂಜಿನ್ ಆನ್ ಇಟ್ಟು ಕಾಲು ಗಂಟೆ ಹಜಾರ್ಡ್ ಓಡಿಸಿ ಸುತ್ತಮುತ್ತ ನೋಡಿ. ಮುಟ್ಟಿ ನೋಡಬೇಡಿ, ಚರ್ಮ ಸುಡುತ್ತದೆ.

ಪ್ರಶ್ನೆ (ಮೈಸೂರಿನ ಸದಸ್ಯರು):
ಸುಮ್ನೆ ಫ್ಲಾಷರ್ ರಿಲೇ ಬದಲಾಯಿಸಿದರೆ ಸಾಕು ಅಂತಾರಲ್ಲ, ಅದು ನಿಜನಾ?

ಉತ್ತರ:
ನಿಜ, ಆಗುವ ಗಾಡಿಗಳಲ್ಲಿ ಅದೇ ಒಳ್ಳೆಯ ದಾರಿ. ನಾನಾದರೆ ಮೊದಲು ಅದನ್ನೇ ನೋಡುತ್ತೇನೆ. ಎಲ್‌ಇಡಿಗೆ ಅಂತಲೇ ಬರುವ ಎಲೆಕ್ಟ್ರಾನಿಕ್ ರಿಲೇ ಲೋಡ್ ಎಷ್ಟಿದ್ದರೂ ಒಂದೇ ವೇಗದಲ್ಲಿ ಮಿನುಗಿಸುತ್ತದೆ. ಶಾಖ ಇಲ್ಲ, ವೈರ್ ಕತ್ತರಿಸುವುದಿಲ್ಲ, ಬೇಡ ಅನಿಸಿದರೆ ಹಳೆಯದನ್ನೇ ವಾಪಸ್ ಹಾಕಬಹುದು.

ಆದರೆ ಹಾಸನದವರ ಗಾಡಿಯಲ್ಲಿ ಬಿಚ್ಚಿ ತೆಗೆಯುವ ರಿಲೇ ಇದೆಯಾ ನೋಡಬೇಕು. ಹಳೆಯ ಗಾಡಿಗಳಲ್ಲಿ ಫ್ಯೂಸ್ ಬಾಕ್ಸಿನಲ್ಲೋ ಸ್ಟಿಯರಿಂಗ್ ಕೆಳಗೋ ಮೂರು ಪಿನ್ನಿನ ಡಬ್ಬಿ ಇರುತ್ತದೆ. ಪಿನ್ ಪಕ್ಕ ಬಿ, ಎಲ್, ಇ ಅಂತಲೋ 49, 49ಎ, 31 ಅಂತಲೋ ಇರುತ್ತದೆ. ಹೊಸದರಲ್ಲಿ ಪಿನ್ನಿನ ಜಾಗ ಬೇರೆ ಇರಬಹುದು, ಗುರುತು ಹೋಲಿಸಿಯೇ ಹಾಕಿ. ಈಗಿನ ಬಹಳ ಗಾಡಿಗಳಲ್ಲಿ ಮಿನುಗಿಸುವುದು ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಬಿಸಿಎಂ. ಕೇಳಿಸುವ ಟಕ್ ಟಕ್ ಸದ್ದು ಕೂಡ ಮೀಟರ್ ಒಳಗಿನ ಸ್ಪೀಕರಿನದೇ ಇರಬಹುದು. ಅಲ್ಲಿ ಬದಲಾಯಿಸಲು ರಿಲೇ ಅಂತ ಏನೂ ಸಿಗುವುದಿಲ್ಲ. ಆಗ ರೆಸಿಸ್ಟರ್, ಇಲ್ಲವೇ ಹಳೆಯ ಬಲ್ಬ್. ವಾರಂಟಿ ಇನ್ನೂ ಇದ್ದರೆ ವೈರ್ ಮುಟ್ಟಲೇಬೇಡಿ.

ಪ್ರಶ್ನೆ (ಹಾಸನದ ಸದಸ್ಯರು):
ರಿಲೇ ಸಿಗಲಿಲ್ಲ ಸರ್, ಬಿಸಿಎಂ ಇರಬೇಕು. ಹಾಗಾದರೆ ‘ಕ್ಯಾನ್‌ಬಸ್’ ಅಂತ ಬರೆದಿರುವ ಎಲ್‌ಇಡಿ ತಂದರೆ ರೆಸಿಸ್ಟರ್ ಬೇಡ ಅಲ್ವಾ?

ಉತ್ತರ:
ಆ ಬಲ್ಬಿನ ಒಳಗೇ ಚಿಕ್ಕ ರೆಸಿಸ್ಟರ್ ಇರುತ್ತದೆ. ಪಾರ್ಕಿಂಗ್ ಲೈಟಿನ 5 ವ್ಯಾಟ್ ಬಲ್ಬಿನ ಜಾಗಕ್ಕೆ ಅದು ಚೆನ್ನಾಗಿ ನಡೆಯುತ್ತದೆ. 21 ವ್ಯಾಟಿನ ಜಾಗದಲ್ಲಿ ಕಷ್ಟ. ಪೂರ್ತಿ ಲೋಡ್ ತೋರಿಸಬೇಕಾದರೆ ಆ ಶಾಖವೆಲ್ಲ ಬಲ್ಬಿನೊಳಗೇ ಹುಟ್ಟಬೇಕು, ಎಲ್‌ಇಡಿ ಅಷ್ಟು ಶಾಖ ತಡೆಯುವುದಿಲ್ಲ, ಹೋಲ್ಡರೂ ಬೇಯುತ್ತದೆ. ಲೋಡ್ ಕಡಿಮೆ ಇಟ್ಟರೆ ಮತ್ತೆ ಅದೇ ಪಟಪಟ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಎಲ್ಲರೂ ಓದಿ. ರೆಸಿಸ್ಟರ್ ಆಗಲಿ ರಿಲೇ ಆಗಲಿ, ಹಾಕಿದ ಮೇಲೆ ಬಲ್ಬ್ ಸತ್ತರೂ ಗಾಡಿ ನಿಮಗೆ ಹೇಳುವುದಿಲ್ಲ. ಒಳಗೆ ಎಲ್ಲ ಸರಿಯಾಗಿ ಮಿನುಗುತ್ತಿರುತ್ತದೆ, ಹಿಂದೆ ಕತ್ತಲೆ. ಹಿಂದಿನಿಂದ ಬರುವ ಲಾರಿಯವನಿಗೆ ನೀವು ಬಲಕ್ಕೆ ತಿರುಗುತ್ತೀರಿ ಅಂತ ಗೊತ್ತೇ ಆಗುವುದಿಲ್ಲ. ನನಗೆ ಶಾಖಕ್ಕಿಂತ ಇದರ ಭಯ ಜಾಸ್ತಿ. ವಾರಕ್ಕೊಮ್ಮೆ ಹಜಾರ್ಡ್ ಹಾಕಿ ಗಾಡಿ ಸುತ್ತ ಒಂದು ಸುತ್ತು ಬನ್ನಿ.

ನೇರವಾಗಿ ಕೇಳಿದರೆ, ನಿಮ್ಮ ಗಾಡಿಗೆ ಹಳೆಯ 21 ವ್ಯಾಟ್ ಬಲ್ಬೇ ವಾಪಸ್ ಹಾಕಿ ಅನ್ನುತ್ತೇನೆ. ರೆಸಿಸ್ಟರ್ ಸೇರಿಸಿದ ಮೇಲೆ ಕರೆಂಟ್ ಉಳಿತಾಯ ಇಲ್ಲವೇ ಇಲ್ಲ. ಹಾಕಲೇಬೇಕು ಅಂತಿದ್ದರೆ 8 ಓಮ್ ಕೂಡ ಸಿಗುತ್ತದೆ, ಕಮ್ಮಿಯಾದ 1.5 ಆಂಪಿಯರಿಗೆ ಲೆಕ್ಕ ಹಾಕಿದರೆ ಬರುವುದು ಅಷ್ಟೇ. ಶಾಖವೂ ಕಡಿಮೆ. ಮೊದಲು ಅದರಲ್ಲಿ ಆಗುತ್ತದಾ ನೋಡಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):
ಬ್ರೇಕ್ ಲೈಟಿಗೂ ಹೀಗೇ ಹಾಕಬಹುದಾ? ಡ್ಯಾಶ್‌ಬೋರ್ಡಲ್ಲಿ ಬಲ್ಬ್ ವಾರ್ನಿಂಗ್ ಬರ್ತಿದೆ.

ಉತ್ತರ:
ನಾನು ಹಾಕಿಕೊಡುವುದಿಲ್ಲ. ಇಂಡಿಕೇಟರ್ ಮಿನುಗುತ್ತದೆ, ಬ್ರೇಕ್ ಹಾಗಲ್ಲ. ಸಿಗ್ನಲ್ಲಿನಲ್ಲಿ ಕಾಲು ಒತ್ತಿ ನಿಂತಷ್ಟು ಹೊತ್ತೂ ಪೂರ್ತಿ 33 ವ್ಯಾಟ್ ಶಾಖ. ಎಲ್‌ಇಡಿ ಬಿಳಿಯದಾ ಅಂತಲೂ ನೋಡಿ. ಕೆಂಪು ಗ್ಲಾಸಿನ ಹಿಂದೆ ಬಿಳಿ ಎಲ್‌ಇಡಿ ಗುಲಾಬಿ ಕಾಣುತ್ತದೆ, ಅಲ್ಲಿಗೆ ಕೆಂಪೇ ಬೇಕು. ಇಂಡಿಕೇಟರಿಗೆ ಅಂಬರ್.

ಪ್ರಶ್ನೆ (ಶಿವಮೊಗ್ಗದ ಸದಸ್ಯರು):
ನನ್ನದು ಬೈಕು. ನಾಲ್ಕೂ ಎಲ್‌ಇಡಿ ಹಾಕಿ ರಿಲೇಯನ್ನೂ ಬದಲಾಯಿಸಿದೆ. ಈಗ ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ನಾಲ್ಕೂ ಒಟ್ಟಿಗೆ ಮಿನುಗುತ್ತವೆ!

ಉತ್ತರ:
ಮೀಟರಿನಲ್ಲಿ ಎಡ ಬಲ ಎರಡಕ್ಕೂ ಒಂದೇ ಸಣ್ಣ ದೀಪ ಇದೆ ಅಲ್ವಾ? ಆ ದೀಪ ಎಡದ ವೈರ್ ಮತ್ತು ಬಲದ ವೈರಿನ ನಡುವೆ ಕೂತಿರುತ್ತದೆ. ಎಡಕ್ಕೆ ಹಾಕಿದಾಗ ಕರೆಂಟ್ ಅದರ ಮೂಲಕ ಬಲದ ಬಲ್ಬಿಗೆ ಹೋಗಿ ಅರ್ತ್ ಆಗುತ್ತದೆ. ಹಳೆಯ ಬಲ್ಬ್ ಅಷ್ಟು ಸಣ್ಣ ಕರೆಂಟಿಗೆ ಹತ್ತುತ್ತಿರಲಿಲ್ಲ, ಎಲ್‌ಇಡಿಗೆ ಅದೇ ಸಾಕು.

ರೆಸಿಸ್ಟರ್ ಬೇಡ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಎರಡು ತನ್ನಿ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಮೀಟರ್ ದೀಪದಿಂದ ಎಡ ಬಲದ ಎರಡೂ ವೈರ್ ಬಿಡಿಸಿ. ಒಂದೊಂದು ವೈರಿಗೆ ಒಂದೊಂದು ಡಯೋಡ್ ಹಾಕಿ, ಬೆಳ್ಳಿ ಪಟ್ಟಿ ಇರುವ ತುದಿ ದೀಪದ ಕಡೆಗೆ. ಆ ಎರಡು ತುದಿಯನ್ನೂ ಸೇರಿಸಿ ದೀಪದ ಒಂದು ಕಾಲಿಗೆ ಕೊಡಿ, ದೀಪದ ಇನ್ನೊಂದು ಕಾಲನ್ನು ಅರ್ತ್ ಮಾಡಿ. ಹಾಕಿ ನೋಡಿ, ಆಗದಿದ್ದರೆ ಮೀಟರ್ ಹಿಂದಿನ ವೈರಿಂಗ್ ಫೋಟೋ ಇಲ್ಲೇ ಹಾಕಿ.